ಬೆಂಕಿ ತಡೆಯೋ ಬಡಾವಣೆ ಅಂತ ಜಾಸ್ತಿ ದುಡ್ಡು ಕೊಟ್ಟರೆ, ಮಾರುವಾಗ ವಾಪಸ್ ಬರುತ್ತಾ?

ನಿಮ್ಮ ತಮ್ಮ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಡಿಯಾಗೋ ಕಡೆ ಕಾಡ್ಗಿಚ್ಚಿನ ಪ್ರದೇಶದಲ್ಲಿ ಮನೆ ನೋಡಿದ್ದಾರೆ, ನೀವು ಇಲ್ಲಿ ಪುಣೆ ಪಕ್ಕದ ಮುಳಶಿ ಹತ್ತಿರ ಸೈಟ್ ನೋಡ್ತಾ ಇದ್ದೀರಿ. ಎರಡೂ ಕಡೆ ಬಿಲ್ಡರ್ 'ಬೆಂಕಿ ತಡೆಯುವ ವಿನ್ಯಾಸ' ಅಂತ ಹೆಚ್ಚು ಕೇಳ್ತಿದ್ದಾನೆ, ಅಲ್ವಾ? ನಾನು ಪುಣೆಯಲ್ಲಿ ಬ್ಯಾಂಕುಗಳಿಗೆ ಆಸ್ತಿ ಬೆಲೆ ಕಟ್ಟಿಕೊಡುವ ಕೆಲಸದಲ್ಲಿದ್ದೇನೆ. ತಮ್ಮನಿಗೆ ಆ ದುಡ್ಡು ಬರಬಹುದು. ನಿಮಗೆ ಸದ್ಯಕ್ಕೆ ಬರಲ್ಲ.

ಕಾರಣ ಇಷ್ಟೇ. ಅಪಾಯ ಕೊಳ್ಳುವವನ ಕಣ್ಣಿಗೆ ಬಿದ್ದರೆ ಮಾತ್ರ ಬೆಲೆಗೆ ತಟ್ಟುತ್ತದೆ. ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ ಅಗ್ನಿಶಾಮಕ ದಳದವರು ಸುಮಾರು 35,000 ಮನೆಗಳ ಅಪಾಯ ಅಳೆದು ವೆಬ್‌ಸೈಟಿನಲ್ಲಿ ಹಾಕಿದರು. ಅದಕ್ಕೆ ಮುಂಚೆ ಅಪಾಯ ಜಾಸ್ತಿ ಇದ್ದ ಮನೆಗಳಿಗೇ ಬೆಲೆ ಜಾಸ್ತಿ ಇತ್ತು! ಗುಡ್ಡದ ನೋಟ, ಸುತ್ತ ಮರ, ಮರದ ಹಲಗೆಯ ಚಾವಣಿ, ಎಲ್ಲ ಜನರಿಗೆ ಇಷ್ಟವಾಗೋವೇ. ಪಟ್ಟಿ ಹೊರಬಿದ್ದ ಮೇಲೆ ಆ ಹೆಚ್ಚುಗಾರಿಕೆ ಉಳಿಯಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಅಪಾಯವನ್ನು ಕಣ್ಣಿಗೆ ಬೀಳಿಸೋದು ವಿಮೆ. 2018ರಲ್ಲಿ ಪ್ಯಾರಡೈಸ್ ಊರನ್ನು ಸುಟ್ಟ ಬೆಂಕಿಯಲ್ಲಿ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. 2023ರಲ್ಲಿ ಸ್ಟೇಟ್ ಫಾರ್ಮ್‌ನಂಥ ದೊಡ್ಡ ಕಂಪನಿಯೇ ಅಲ್ಲಿ ಹೊಸ ಮನೆ ವಿಮೆ ನಿಲ್ಲಿಸಿತು. ವಿಮೆ ಇಲ್ಲದ ಮನೆಗೆ ಸಾಲ ಸಿಗಲ್ಲ, ಸಾಲ ಸಿಗದ ಮನೆ ಕೊಳ್ಳೋರು ಕಡಿಮೆ. ಹಾಗಾಗಿ ಅಲ್ಲಿ ಇಂಥ ವಿನ್ಯಾಸದ ಲಾಭ ಅಂದರೆ ಬೆಲೆ ಏರೋದಕ್ಕಿಂತ, ಮನೆ ಮಾರಾಟವಾಗುವ ಸ್ಥಿತಿಯಲ್ಲಿ ಉಳಿಯೋದು. ಬೆಂಕಿ ತಡೆಯುವ ಕ್ರಮ ತಗೊಂಡ ಮನೆಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಬೇಕೆಂದು 2022ರಿಂದ ಅಲ್ಲಿ ನಿಯಮವೂ ಇದೆ.

ತಮ್ಮನಿಗೆ ಒಂದು ಮಾತು ಹೇಳಿ: ತನ್ನ ಮನೆ ಮಾತ್ರ ನೋಡಿದರೆ ಸಾಲದು, ಅಕ್ಕಪಕ್ಕವೂ ನೋಡಲಿ. ಬಹಳಷ್ಟು ಮನೆಗಳು ಹೊತ್ತಿಕೊಳ್ಳೋದು ಗಾಳಿಯಲ್ಲಿ ಹಾರಿ ಬರುವ ಕಿಡಿಯಿಂದ. ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಇದೆಯಾ? ಗೋಡೆಯಿಂದ 5 ಅಡಿಯೊಳಗೆ ಗಿಡ, ಕಟ್ಟಿಗೆ ಏನೂ ಇಲ್ಲವಾ? ಮರದ ಬೇಲಿ ಗೋಡೆಗೆ ತಾಗಿದ್ದರೆ ಅದೇ ಬತ್ತಿ. ಪಕ್ಕದ ಮನೆ ಹತ್ತಿ ಉರಿದರೆ ಅದರ ಕಾವೇ ಈ ಮನೆ ಹೊತ್ತಿಸೋಕೂ ಸಾಕು. ಆದ್ದರಿಂದಲೇ ಈಗ ಇಡೀ ಬಡಾವಣೆಯನ್ನೇ ಹಾಗೆ ಕಟ್ಟುತ್ತಿದ್ದಾರೆ. ಅದೇ ಸ್ಯಾನ್ ಡಿಯಾಗೋ ಕೌಂಟಿಯ ಎಸ್ಕಾಂಡಿಡೋದಲ್ಲಿ 64 ಮನೆಗಳ ಡಿಕ್ಸನ್ ಟ್ರೇಲ್ ಅನ್ನೋ ಇಂಥ ಬಡಾವಣೆ ಇದೆ, ನೋಡಿ ಬರಲಿ.

ಇನ್ನು ನಮ್ಮ ಪುಣೆ. ಬೇಸಿಗೆ ಬಂತೆಂದರೆ ಸುತ್ತಲಿನ ಗುಡ್ಡಗಳಲ್ಲಿ ಹುಲ್ಲು ಹೊತ್ತಿ ಉರಿಯೋದು, ಇಲ್ಲಿನವರು ವಣವಾ ಅನ್ನೋದು, ಹೊಸದೇನಲ್ಲ. ಆದರೂ ನಾನು ತುಂಬುವ ಫಾರ್ಮಿನಲ್ಲಿ ರಸ್ತೆ ಅಗಲಕ್ಕೆ, ನೀರಿಗೆ, ಎನ್.ಎ. (ಕೃಷಿಯೇತರ ಬಳಕೆ) ಆದೇಶಕ್ಕೆ ಜಾಗ ಇದೆ, ಗುಡ್ಡದ ಹುಲ್ಲಿಗೆ ಇಲ್ಲ. ಮುಳಶಿ ಕಡೆ ಒಂದು ಲೇಔಟಿನಲ್ಲಿ ಕಾಂಪೌಂಡ್ ತಂತಿಯವರೆಗೂ ಸೊಂಟದೆತ್ತರ ಒಣಹುಲ್ಲು, ಅದಕ್ಕೆ ಮುಖ ಮಾಡಿ ಮರದ ಡೆಕ್ಕು, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಆ ಸಾಲಿಗೇ 'ವ್ಯಾಲಿ ವ್ಯೂ' ಅಂತ ಚದರಡಿಗೆ ಜಾಸ್ತಿ ರೇಟು! ಕೊಲೊರಾಡೋದ ಹಳೇ ಕಥೆಯೇ ಇಲ್ಲೂ ನಡೀತಿದೆ.

ಹಾಗಾಗಿ 'ಫೈರ್ ಸೇಫ್' ಅನ್ನೋ ಹೆಸರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಎಲ್ಲಿದೆ, ಟ್ಯಾಂಕರ್ ತಿರುಗುವಷ್ಟು ರಸ್ತೆ ಇದೆಯಾ, ಹೊರಹೋಗಲು ಎರಡನೇ ದಾರಿ ಇದೆಯಾ, ಬಿಲ್ಡರ್ ಕೈಬಿಟ್ಟ ಮೇಲೆ ಹುಲ್ಲು ಕೊಯ್ಯಿಸೋರು ಯಾರು ಅಂತ ಕೇಳಿ. ಕೊನೆಯದು ಒಪ್ಪಂದದಲ್ಲಿ ಬರೆದಿರಲಿ. ಮನೆ ಕಟ್ಟಿದ ಮೇಲೆ ಭಾರತ್ ಗೃಹ ರಕ್ಷಾ ಅನ್ನೋ ಮನೆ ವಿಮೆ ಪಾಲಿಸಿ ಮಾಡಿಸಿ, ಕಾಡ್ಗಿಚ್ಚಿನ ನಷ್ಟವೂ ಅದರಲ್ಲಿ ಸೇರುತ್ತದೆ. ಮತ್ತೆ, ಸೈಟ್ ನೋಡೋಕೆ ಮಳೆಗಾಲದಲ್ಲಿ ಹೋಗಬೇಡಿ, ಆಗ ಎಲ್ಲ ಹಸಿರು. ಮಾರ್ಚ್ ಕೊನೆಗೆ ಮಧ್ಯಾಹ್ನ ಹೋಗಿ.