ಆಕಳ ಹಿಂದೆ ಕಾಗೆ ಬಂದರೆ ಯಾವ ಊರು?

ಕಳೆದ ಸಂಚಿಕೆಯ ಕ್ರಿಪ್ಟಿಕ್ ಪದಬಂಧಕ್ಕೆ, ಅಂದರೆ ಒಗಟಿನ ಹಾಗೆ ಸುತ್ತಿ ಬಳಸಿ ಸುಳಿವು ಕೊಡುವ ಪದಬಂಧಕ್ಕೆ, ಬಂದ ಪತ್ರಗಳಲ್ಲಿ ಅರ್ಧ ಜಗಳದ್ದೇ. ನನಗೆ ಅದೇ ಖುಷಿ. ಒಂದೊಂದಾಗಿ ಉತ್ತರಿಸುತ್ತೇನೆ.

'ಆಕಳ ಹಿಂದೆ ಬಂತು ಕಾಗೆ, ಕರದಂಟಿನ ಊರು (3)' ಅಂತ ಕೊಟ್ಟು ಉತ್ತರ ಗೋಕಾಕ ಅಂದಿದ್ದೀರಿ. ಕರದಂಟು ಅಂದರೆ ಅಮೀನಗಡ ಅಲ್ವಾ? ನಮ್ಮೂರಿಗೆ ಯಾಕೆ ಅನ್ಯಾಯ?
– ಅಮೀನಗಡದ ಓದುಗರು

ಅನ್ಯಾಯ ಮಾಡಿಲ್ಲ. ಆಕಳು ಅಂದರೆ ಗೋ, ಕಾಗೆ ಅಂದರೆ ಕಾಕ. ಗೋ ಹಿಂದೆ ಕಾಕ ಬಂದರೆ ಗೋಕಾಕ, ಸುಳಿವಿನ ಕೊನೆಯ (3) ಹೇಳುವ ಹಾಗೆ ಸರಿಯಾಗಿ ಮೂರು ಮನೆ. ಅಮೀನಗಡಕ್ಕೆ ಐದು ಮನೆ ಬೇಕು. ಕರದಂಟು ಎರಡೂ ಊರಿನದು ಚೆನ್ನಾಗಿರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹತ್ತು ಹನ್ನೆರಡು ಜನ ಇದ್ದೇವೆ. ಈ ಸುಳಿವು ಹಾಕಿದ ರಾತ್ರಿ ಅಲ್ಲೂ ಇದೇ ಗಲಾಟೆ. 'ಹಂಗಾರ ಅಮೀನಗಡದಾವ್ರು ಏನ್ ಮಾಡ್ಬೇಕ್ರಿ?' ಅಂತ ಹುನಗುಂದದ ಗೆಳೆಯರೊಬ್ಬರು ಕೇಳಿದರು. ಆಮೇಲೆ ಅರ್ಧ ಗಂಟೆ ಸುಮ್ಮನಾದರು. ಬೇಜಾರಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಅವರದೇ ಒಂದು ಸುಳಿವು ಬಂತು: 'ಕೈಯಲ್ಲಿ ಸೊಪ್ಪಿನ ಕಡ್ಡಿ, ಬಾಯಲ್ಲಿ ಸಿಹಿ (4)'. ಕೈ ಅಂದರೆ ಕರ, ಸೊಪ್ಪಿನ ಕಡ್ಡಿ ಅಂದರೆ ದಂಟು. ಕರದಂಟು! ಅಂಟು ಕರಿದು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಮಾಡುವ ಆ ತಿನಿಸಿನೊಳಗೆ ಒಂದು ಕೈ, ಒಂದು ದಂಟು ಅಡಗಿ ಕೂತಿರುವುದು ನಮಗ್ಯಾರಿಗೂ ಕಂಡಿರಲಿಲ್ಲ. ಗೋಕಾಕದವರೇ ಮೊದಲು ಚಪ್ಪಾಳೆ ತಟ್ಟಿದರು.

ನಾನು ಹೊಸಬಳು. ಸುಳಿವನ್ನು ಹತ್ತು ಸಲ ಓದಿದರೂ ತಲೆಬುಡ ತಿಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ಜಮಖಂಡಿಯ ಓದುಗರು

ಮೊದಲು ಸುಳಿವು ಹೇಳುವ ಕತೆಯನ್ನು ಮರೆತುಬಿಡಿ. ಅದು ದಾರಿ ತಪ್ಪಿಸಲಿಕ್ಕೇ ಇರುವುದು. ಪ್ರತಿ ಸುಳಿವಿನಲ್ಲಿ ಎರಡು ತುಂಡು. ಒಂದು ಉತ್ತರದ ನೇರ ಅರ್ಥ, ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಆಟ. ನೇರ ಅರ್ಥ ಸುಳಿವಿನ ಮೊದಲಲ್ಲಿರುತ್ತದೆ ಇಲ್ಲವೇ ಕೊನೆಯಲ್ಲಿ, ನಡುವೆ ಇರುವುದಿಲ್ಲ. ಹಾಗಾಗಿ ಎರಡು ತುದಿ ಹಿಡಿದು ಎಳೆಯಿರಿ.

ನನಗೆ ತುಂಬಾ ಇಷ್ಟವಾದ ಒಂದನ್ನು ಬಿಡಿಸಿ ತೋರಿಸುತ್ತೇನೆ. 'ಮನದ ಗಲಿಬಿಲಿಯಲ್ಲಿ ಮನ್ಮಥ (3)'. ಓದಿದ ಕೂಡಲೇ ಪ್ರೇಮದ ಕತೆ ನೆನಪಾಗುತ್ತದೆ, ಅಲ್ವಾ? ಅದನ್ನು ಪಕ್ಕಕ್ಕಿಡಿ. ಕೊನೆಯ ಪದ ಮನ್ಮಥ, ಅದೇ ಅರ್ಥ ಇರಬಹುದು. ಗಲಿಬಿಲಿ ಅಂದರೆ ಅಕ್ಷರ ಅದಲುಬದಲು ಮಾಡಿ ಅಂತ. ಯಾವ ಅಕ್ಷರ? ಪಕ್ಕದಲ್ಲೇ ಇದೆ: ಮ, ನ, ದ. ಕಲಸಿದರೆ ದಮನ ಬರುತ್ತದೆ, ಆದರೆ ಅದು ಮನ್ಮಥ ಅಲ್ಲ. ಮತ್ತೊಮ್ಮೆ ಕಲಸಿದರೆ ಮದನ. ಮುಗಿಯಿತು. ಮೂರೇ ಪದದ ಸುಳಿವು, ಒಂದು ಪದವೂ ಸುಮ್ನೆ ಕೂತಿಲ್ಲ. ಇಂಥದ್ದು ಸಿಕ್ಕ ದಿನ ನಾನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.

ಒತ್ತಕ್ಷರಕ್ಕೆ ಎರಡು ಮನೆ ಬೇಕಾ?
– ವಿಜಯಪುರದ ಓದುಗರು

ಬೇಡ. ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿ ಒಂದು ಅಕ್ಷರ, ಒಂದೇ ಮನೆ. ವಿಜಯಪುರಕ್ಕೆ ಐದು, ಕಿತ್ತೂರಿಗೆ ಮೂರು. ಇಳಕಲ್ ಅಂತ ಬರೆದರೆ ಕೊನೆಯ ಲ್‌ಗೆ ಬೇರೆ ಮನೆ ಕೊಡುತ್ತೇವೆ.

'ರಾಮನ ದಿಬ್ಬದಲ್ಲಿ ಕೃಷ್ಣೆಯಂಥವಳು (2)'. ಈ ರಾಮನ ದಿಬ್ಬ ಎಲ್ಲಿದೆ? ಮ್ಯಾಪಿನಲ್ಲಿ ಹುಡುಕಿ ಸಾಕಾಯಿತು.
– ಬೀಳಗಿಯ ಓದುಗರು

ಮ್ಯಾಪ್ ಮುಚ್ಚಿಡಿ. ದಿಬ್ಬ ಸುಳಿವಿನಲ್ಲೇ ಇದೆ. ರಾಮನ ದಿಬ್ಬ ಅನ್ನುವುದನ್ನು ಜಾಗ ಬಿಡದೆ ಬರೆಯಿರಿ, ಒಳಗೆ 'ನದಿ' ಹರಿಯುತ್ತದೆ. ನಿಮ್ಮೂರಿನವರಿಗೆ ಕೃಷ್ಣೆ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಈ ಉತ್ತರ ಬಂದ ಮೇಲೆ ಗುಂಪಿನಲ್ಲಿ ಒಬ್ಬರು 'ತಿರುಗಿ ಹರಿದರೆ ಬೆಳಗಾಯಿತು, ಮಲಗ್ರಿ' ಅಂತ ಬರೆದರು. ನದಿ ತಿರುಗಿದರೆ ದಿನ!

'ಬೇರುಸಮೇತ ತೆಗೆದ ಊರನ್ನು ಆಳಿದಳು ಚೆನ್ನಮ್ಮ (3)'. ಕಿತ್ತ, ಊರು ಸೇರಿ ಕಿತ್ತೂರು. ಸಂಧಿ ಮಾಡಿಸುವುದು ಮೋಸ ಅಲ್ವಾ?
– ಬೆಳಗಾವಿಯ ಓದುಗರು

ಒಳ್ಳೆಯ ಪ್ರಶ್ನೆ. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಈ ಆಟ ಬೆಳೆದದ್ದು ಇಂಗ್ಲೆಂಡಿನಲ್ಲಿ. ಪದಬಂಧ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ. ಅಲ್ಲಿಂದ ಇಂಗ್ಲೆಂಡಿಗೆ ಬಂದ ಮೇಲೆ, 1920ರ ದಶಕದಲ್ಲಿ, ಬರೀ ಅರ್ಥ ಕೇಳುವುದು ಬಿಟ್ಟು ಹೀಗೆ ಸುತ್ತಿ ಬಳಸಿ ಕೇಳುವುದು ಶುರುವಾಯಿತು. ಮೊದಮೊದಲು ಹೇಗೆ ಬೇಕೋ ಹಾಗೆ ಕೇಳುತ್ತಿದ್ದರು. ಆಮೇಲೆ ಝಿಮೆನೆಸ್ ಅನ್ನುವ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದ ಮೇಷ್ಟ್ರು ಒಬ್ಬರು ಪಟ್ಟು ಹಿಡಿದು ನಿಯಮ ತಂದರು. ಸುಳಿವು ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು, ಇಷ್ಟೇ ಅದರ ಸಾರ. ಆದರೆ ಇಂಗ್ಲಿಷಿಗೆ ನಮ್ಮಂಥ ಸಂಧಿ ಇಲ್ಲ, ಹಾಗಾಗಿ ಇದಕ್ಕೆ ಅವರ ನಿಯಮ ಸಾಲದು. ಕನ್ನಡದ ಬಾಯಲ್ಲಿ ಕಿತ್ತ ಊರು ತಾನಾಗಿಯೇ ಕಿತ್ತೂರು ಆಗುತ್ತದೆ, ಲೋಪಸಂಧಿಯನ್ನು ಶಾಲೆಯಲ್ಲಿ ಕಲಿಯುವ ಮೊದಲೇ ನಾವು ಮಾಡುತ್ತೇವೆ. ಹಾಗಾಗಿ ಮೋಸ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೂ ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. 'ಸೇರಿ' ಅಂತಲೋ 'ಕೂಡಿ' ಅಂತಲೋ ಒಂದು ಗುರುತು ಕೊಡಬೇಕಿತ್ತು. ಮುಂದಿನ ಸಲದಿಂದ ಕೊಡುತ್ತೇನೆ.

ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು ಸುಳಿವು ಬಂದ ಎರಡೇ ನಿಮಿಷಕ್ಕೆ ಉತ್ತರ ಹೇಳಿಬಿಡುತ್ತಾರೆ. ಉಳಿದವರಿಗೆ ಬೇಜಾರು.
– ಮುಧೋಳದ ಓದುಗರು

ನಮ್ಮಲ್ಲೂ ಹೀಗೇ ಆಗುತ್ತಿತ್ತು. ಈಗ ಯಾರೂ ಉತ್ತರ ಬರೆಯುವ ಹಾಗಿಲ್ಲ, ಗೊತ್ತಾಗಿದೆ ಅಂತ ತೋರಿಸಲು ಇನ್ನೊಂದು ಸುಳಿವನ್ನೋ ಮಾತನ್ನೋ ಹೇಳಬೇಕು. ಮೊನ್ನೆ 'ಬಾಗಲಕೋಟೆ ಕಡೆಯಿಂದ ಬಂದರೂ ಹುಬ್ಬಳ್ಳಿ ಕಡೆಯಿಂದ ಬಂದರೂ ಊರು ಒಂದೇ (3)' ಅಂತ ಹಾಕಿದ್ದೆ. ಒಬ್ಬರು 'ಟ್ರೇನ್ ಅಲ್ಲಿ ನಿಲ್ಲತೈತ್ರಿ' ಅಂದರು, ಇನ್ನೊಬ್ಬರು 'ಭಾರತ ಬರದಾವ ನಮ್ಮಾವ' ಅಂದರು. ಯಾವ ಕಡೆಯಿಂದ ಓದಿದರೂ ಗದಗ. ಹಾಗಂತ ಯಾರೂ ಬರೆಯಲಿಲ್ಲ, ಎಲ್ಲರಿಗೂ ತಿಳಿಯಿತು.

ನೀವೂ ಹಾಗೇ ಮಾಡಿ ನೋಡಿ. ಮುಂದಿನ ಸಂಚಿಕೆಗೆ ಎರಡು: 'ಆನೆ ತಿರುಗಿ ನಿಂತರೆ ಇಡೀ ಲೋಕ (2)'. 'ಚಾಲುಕ್ಯರ ರಾಜಧಾನಿಯನ್ನು ಹಾಲಿಗೆ ಹಾಕಿ ಕುಡಿಯಿರಿ (3)'. ಉತ್ತರ ಬರೆದು ಕಳಿಸಬೇಡಿ, ಅದೇ ಉತ್ತರಕ್ಕೆ ನಿಮ್ಮದೇ ಸುಳಿವು ಕಳಿಸಿ.