ಲಸಿಕೆ ಹಾಕಿಸಿದರೂ ಫ್ಲೂ ಬಂತಲ್ಲ, ಯಾಕೆ?

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ, ಶುಗರ್ ಇದೆ. ಮೇ ತಿಂಗಳಲ್ಲೇ ಫ್ಲೂ ಲಸಿಕೆ ಹಾಕಿಸಿದ್ದೆವು. ಆದರೂ ಆಗಸ್ಟ್‌ನಲ್ಲಿ ಜ್ವರ, ಕೆಮ್ಮು ಹಿಡಿದು, ಟೆಸ್ಟ್ ಮಾಡಿಸಿದರೆ ಫ್ಲೂ ಅಂತಲೇ ಬಂತು. ಆಸ್ಪತ್ರೆಗೆ ಸೇರಿಸುವ ಮಟ್ಟಕ್ಕೆ ಹೋಗಲಿಲ್ಲ. ಅಮೆರಿಕದಲ್ಲಿರುವ ನಾದಿನಿ, 'ಅದು ಬಿಳಿಯರ ಮೈಗೆ ಮಾಡಿದ್ದು, ನಮಗೆ ಹಿಡಿಯಲ್ಲ' ಅನ್ನುತ್ತಾಳೆ. ನಿಜಾನಾ?
- ಓದುಗರೊಬ್ಬರು, ಮಂಡ್ಯ

ಉತ್ತರ: ಜನಾಂಗದ ಮಾತು ಆಮೇಲೆ. ಮೊದಲು ವಯಸ್ಸು ನೋಡಿ, ಜಾಸ್ತಿ ಪೆಟ್ಟು ಕೊಡುವುದು ಅದೇ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರೋಗಾಣುಗಳನ್ನು ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಹೊಸದಾಗಿ ಪಳಗುವುದು ಅಲ್ಲಿ. ಹರೆಯ ಬಂದ ಮೇಲೆ ಅದು ಕುಗ್ಗುತ್ತಾ ಹೋಗಿ, ಎಪ್ಪತ್ತರ ಹೊತ್ತಿಗೆ ಬಹುಪಾಲು ಬರೀ ಕೊಬ್ಬಾಗಿರುತ್ತದೆ. ಹಳೆಯ ವೈರಸ್‌ಗಳ ನೆನಪಿರುವ ಕೋಶಗಳು ಇರುತ್ತವೆ, ಹೊಸದನ್ನು ಕಲಿಯುವವು ಕಮ್ಮಿ. ಫ್ಲೂ ವೈರಸ್ಸೋ ವರ್ಷವರ್ಷ ವೇಷ ಬದಲಿಸುತ್ತದೆ. ವೈರಸ್ಸನ್ನು ತಡೆಯುವ ಪ್ರೋಟೀನ್, ಅಂದರೆ ಆ್ಯಂಟಿಬಾಡಿ, ಚೆನ್ನಾಗಿ ತಯಾರಾಗಲು ಟಿ ಕೋಶಗಳ ನೆರವು ಬೇಕು. ಹಾಗಾಗಿ ಅದೇ ಲಸಿಕೆಗೆ ಮೊಮ್ಮಗನ ಮೈಯಲ್ಲಿ ಬರುವಷ್ಟು ಆ್ಯಂಟಿಬಾಡಿ ತಾತನಿಗೆ ಬರುವುದಿಲ್ಲ.

ಇದಕ್ಕೇ 65 ದಾಟಿದವರಿಗೆ ಅಂತ ಹೈ ಡೋಸ್ ಲಸಿಕೆ ಮಾಡಿದ್ದು. ಮಾಮೂಲಿಯದರಲ್ಲಿ ವೈರಸ್ಸಿನ ಒಂದೊಂದು ತಳಿಗೆ (ಬಗೆಗೆ) 15 ಮೈಕ್ರೋಗ್ರಾಂ ವೈರಸ್ ಪ್ರೋಟೀನ್, ಇದರಲ್ಲಿ 60. ಅಮೆರಿಕದಲ್ಲಿ 2009ರಲ್ಲೇ ಒಪ್ಪಿಗೆ ಸಿಕ್ಕಿತು. ಸುಮಾರು 32,000 ಹಿರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೈ ಡೋಸ್ ಹಾಕಿಸಿಕೊಂಡವರಲ್ಲಿ ಫ್ಲೂ ಶೇ 24ರಷ್ಟು ಕಮ್ಮಿ ಕಂಡಿತು. ನಿಮ್ಮ ಡಾಕ್ಟರನ್ನು ಇಲ್ಲಿ ಸಿಗುತ್ತದಾ ಅಂತ ಕೇಳಿ.

ಈಗ ನಾದಿನಿಯ ವಾದ. ಪೂರ್ತಿ ಸುಳ್ಳಲ್ಲ. ವೈರಸ್ಸಿನ ತುಣುಕನ್ನು ಟಿ ಕೋಶಕ್ಕೆ ತೋರಿಸುವ ಎಚ್‌ಎಲ್‌ಎ ಜೀನ್‌ಗಳು ಜನಾಂಗದಿಂದ ಜನಾಂಗಕ್ಕೆ ಬೇರೆ, ಆ್ಯಂಟಿಬಾಡಿ ಕಟ್ಟುವ ಕೆಲವು ಜೀನ್‌ಗಳೂ ಹಾಗೇ. ಆದರೆ ಅಮೆರಿಕದಲ್ಲೇ ನಡೆದ ಒಂದು ಅಧ್ಯಯನದಲ್ಲಿ ಬಿಳಿಯರಿಗಿಂತ ಆಫ್ರಿಕನ್ ಮೂಲದವರಿಗೇ ಆ್ಯಂಟಿಬಾಡಿ ಜಾಸ್ತಿ ಬಂದಿತ್ತು! 'ಬಿಳಿಯರಿಗೆ ಮಾತ್ರ' ಅನ್ನುವುದು ಅಲ್ಲೇ ಬಿದ್ದುಹೋಯಿತಲ್ವಾ? ಇನ್ನೊಂದು ವಿಷಯ, ನಿಮ್ಮ ನಾದಿನಿ ಮಾವನವರ ಮಗಳೇ ತಾನೇ, ಒಂದೇ ರಕ್ತ. ಆದರೂ ಚಿಕ್ಕಂದಿನಿಂದ ಯಾವ ಫ್ಲೂ ಬಂದಿತ್ತು, ಎಷ್ಟು ಸಲ ಲಸಿಕೆ ಆಗಿದೆ, ಶುಗರ್ ಇದೆಯಾ ಅನ್ನುವುದರ ಮೇಲೆ ಇಬ್ಬರ ಮೈ ಬೇರೆಬೇರೆ ಥರ ಸ್ಪಂದಿಸುತ್ತದೆ.

ಲಸಿಕೆಯಲ್ಲಿರುವ ತಳಿ ಆ ವರ್ಷ ಹರಡುವ ವೈರಸ್ಸಿಗೆ ಸರಿಯಾಗಿ ಹೊಂದಿದರೂ ಲಸಿಕೆ ಫ್ಲೂ ಅಪಾಯವನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ, ಅಷ್ಟೇ. ಮಾವನವರು ಆಸ್ಪತ್ರೆ ಸೇರದೆ ಪಾರಾದದ್ದರಲ್ಲಿ ಅದರ ಪಾಲೂ ಇರಬಹುದು. ಮುಂದಿನ ವರ್ಷವೂ ಹಾಕಿಸಿ. ಆ್ಯಂಟಿಬಾಡಿ ಏರಲು ಎರಡು ವಾರ ಬೇಕು, ಮಳೆ ಹಿಡಿದ ಮೇಲೆ ಓಡಬೇಡಿ. ಮನೆಯ ಮಕ್ಕಳಿಗೂ ಹಾಕಿಸಿ, ತಾತನಿಗೆ ಅಂಟಿಸುವವರು ಹೆಚ್ಚಾಗಿ ಅವರೇ. ಮತ್ತೆ ಜ್ವರ ಬಂದರೆ ಸುಮ್ನೆ ಕಷಾಯ ಕುಡಿಸುತ್ತಾ ಕೂರದೆ 48 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ, ಫ್ಲೂ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಆಗಲೇ.