ಕೇಳಿದ್ದೆಲ್ಲ ಹಾಕಿಕೊಡುವ ಪಿಜ್ಜಾ, ಪಕ್ಕದಲ್ಲಿ ಕ್ರಾಫ್ಟ್ ಬಿಯರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಗೆ ಬೇಕಾದ್ದನ್ನು ನಾವೇ ಆರಿಸಿ ಹಾಕಿಸಿಕೊಳ್ಳುವ ಪಿಜ್ಜಾ ಅಂಗಡಿಗೆ ಹೋಗಿದ್ದೆವು. ಎಷ್ಟು ಬಗೆ ಹಾಕಿಸಿದರೂ ದರ ಒಂದೇ ಎಂದಿದ್ದಕ್ಕೆ ಒಂಬತ್ತು ಬಗೆ ಹಾಕಿಸಿದೆವು. ನಡುಭಾಗ ಹಸಿಹಸಿಯಾಗಿತ್ತು, ತುಂಡು ಎತ್ತಿದರೆ ಮೇಲಿನದೆಲ್ಲ ತಟ್ಟೆಗೆ ಜಾರಿತು. ಓವನ್ ಕೆಟ್ಟಿತ್ತೇ? – ಜಯನಗರ, ಬೆಂಗಳೂರು

ಉತ್ತರ: ಓವನ್‌ ಮೇಲೆ ಅನುಮಾನ ಬೇಡ. ನಿಮ್ಮ ಪಿಜ್ಜಾ ಕೆಟ್ಟಿದ್ದು ನೀರಿನಿಂದ.

ಇಂಥ ಕಡೆ ಪಿಜ್ಜಾ ಒಲೆಯೊಳಗೆ ಇರುವುದೇ ಕೆಲವು ನಿಮಿಷ. 430ರಿಂದ 480 ಡಿಗ್ರಿ ಸೆಲ್ಸಿಯಸ್ ಕಾವಿನ ನಾಪೋಲಿ ಶೈಲಿಯ ಕಟ್ಟಿಗೆ ಒಲೆಯಾದರೆ 60ರಿಂದ 90 ಸೆಕೆಂಡಿಗೇ ಮುಗಿಯಿತು. ಅಷ್ಟರಲ್ಲಿ ತರಕಾರಿ ನೀರು ಬಿಡುತ್ತದೆ, ಆದರೆ ಆ ನೀರು ಆವಿಯಾಗಿ ಹೋಗಲು ಹೊತ್ತು ಸಾಲುವುದಿಲ್ಲ. ಅಣಬೆಯಲ್ಲಿ ನೂರಕ್ಕೆ 90ರಷ್ಟು ನೀರು, ಟೊಮೆಟೊದಲ್ಲಿ ಇನ್ನೂ ಹೆಚ್ಚು. ಬಿಳಿ ಉಂಡೆಯ ತಾಜಾ ಮೊಝರೆಲ್ಲಾದಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಎಲ್ಲವೂ ಒಟ್ಟಿಗೆ ನಡುವಿಗೆ ಇಳಿದರೆ ಅಡಿಯ ಹಿಟ್ಟು ಬೇಯುವುದು ಹೇಗೆ?

11 ಅಂಗುಲದ ತೆಳು ಪಿಜ್ಜಾಕ್ಕೆ ಸಾಸ್ 70–80 ಗ್ರಾಂ, ಚೀಸ್ 80–100 ಗ್ರಾಂ, ಮೇಲೆ ಉದುರಿಸುವುದೆಲ್ಲ ಸೇರಿ 100 ಗ್ರಾಂ ಸಾಕು. ಬಗೆ ಮೂರೋ ನಾಲ್ಕೋ ಇರಲಿ, ಅದರಲ್ಲಿ ನೀರಿನದು ಒಂದೇ ಇರಲಿ. ಹಸಿ ಅಣಬೆ ಬೇಕೆಂದರೆ ಹಸಿ ಟೊಮೆಟೊ ಬಿಡಿ. ಹುರಿದ ಅಣಬೆ ಇದೆಯೇ ಎಂದು ಕೇಳಿ. ಇದ್ದರೆ ಅದೇ ಮೇಲು. ಅನಾನಸನ್ನು ರಸ ಬಸಿದು ಹಾಕಲು ಹೇಳಿ. ತರಕಾರಿ ಚೀಸ್‌ನ ಮೇಲಿರಲಿ, ಅಡಿಯಲ್ಲಿ ಹೂತುಹೋದರೆ ಹಬೆಗೆ ದಾರಿಯಿಲ್ಲ. ನಡುವೆ ತೆಳ್ಳಗೆ ಹರಡಿಸಿ, ಚೀಸ್ ಕರಗುವಾಗ ಎಲ್ಲವೂ ತಾನಾಗಿ ಅತ್ತ ಸರಿಯುತ್ತದೆ. ತುಳಸಿಯಂಥ ಬೇಸಿಲ್ ಎಲೆ, ರಾಕೆಟ್ ಸೊಪ್ಪು ಒಲೆಯಿಂದ ತೆಗೆದ ಮೇಲೆ ಬೀಳಲಿ. ಒಂದು ನಿಮಿಷ ಬಿಟ್ಟು ಕತ್ತರಿಸಿದರೆ ಚೀಸ್ ಹಿಡಿದುಕೊಳ್ಳುತ್ತದೆ.

ಒಂದೇ ದರಕ್ಕೆ ಎಲ್ಲ ಬಗೆ ಎನ್ನುವುದು ಅಂಗಡಿಯ ಲೆಕ್ಕ. ಅದನ್ನು ವಸೂಲಿ ಮಾಡಹೊರಟರೆ ರುಚಿಗೇ ಪೆಟ್ಟು.

ಪ್ರಶ್ನೆ: ಹಲಪೇನ್ಯೊ, ಪೆರಿಪೆರಿ ಪನೀರ್ ಹಾಕಿದ ಪಿಜ್ಜಾ ಜೊತೆ ಐಪಿಎ ತರಿಸಿದೆ. ಬಾಯಿ ಉರಿದುಹೋಯಿತು. ತಣ್ಣನೆಯ ಬಿಯರ್ ಖಾರ ಇಳಿಸಬೇಕಲ್ಲವೇ? – ಮೈಸೂರು

ಉತ್ತರ: ಐಪಿಎ ಎಂದರೆ ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್. ಅದರಲ್ಲಿ ಕಹಿ ಕೊಡುವ ಹೂವಾದ ಹಾಪ್ಸ್‌ ಹೆಚ್ಚು, ಸಾಮಾನ್ಯವಾಗಿ ಆಲ್ಕೋಹಾಲ್ ಕೂಡ ಹೆಚ್ಚು. ಕಹಿ, ಆಲ್ಕೋಹಾಲ್, ಗ್ಯಾಸಿನ ಚುರುಕು ಮೂರೂ ಸೇರಿ ಮೆಣಸಿನಕಾಯಿಯ ಉರಿಯನ್ನು ಎಬ್ಬಿಸುತ್ತವೆ. ಖಾರದ ಪಿಜ್ಜಾಕ್ಕೆ ಗೋಧಿ ಬಿಯರ್ ಹೇಳಿ. ಅದರ ಬೆಲ್ಜಿಯನ್ ಬಗೆಯಾದ ವಿಟ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ, ಪನೀರ್ ಮಸಾಲೆಗೆ ಹೇಳಿ ಮಾಡಿಸಿದ ಜೋಡಿ. ಜರ್ಮನ್ ಬಗೆಯಾದ ಹೆಫೆವೈಜೆನ್‌ನಲ್ಲಿ ಬರುವ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟ್ ಕೊಟ್ಟದ್ದು. ಅದಕ್ಕೆ ಯಾರೂ ಹಣ್ಣು ಬೆರೆಸಿರುವುದಿಲ್ಲ.

ಐಪಿಎಗೆ ಜಿಡ್ಡು ಬೇಕು: ಸಾಸೇಜ್, ನೀಲಿ ಚೀಸ್, ದಪ್ಪ ಚೀಸ್ ಪದರ. ಬರೀ ಟೊಮೆಟೊ, ಚೀಸ್, ಬೇಸಿಲ್ ಇರುವ ಮಾರ್ಗರೀಟಾ ಪಿಜ್ಜಾ ಆದರೆ ಪಿಲ್ಸ್‌ನರ್ ಎಂಬ ತಿಳಿ ಹೊಂಬಣ್ಣದ ಬಿಯರ್, ಅಥವಾ ಬೆಂಗಳೂರು ಇಂದಿರಾನಗರದ ಬಿಯರ್ ಪಬ್ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಂಥ ಅಕ್ಕಿ ಬೆರೆತ ಹಗುರ ಬಿಯರ್. ಸ್ಟೌಟ್ ಎಂಬ ಕಪ್ಪು ಬಿಯರ್‌ನ ಸುಟ್ಟ ಕಹಿ ಟೊಮೆಟೊ ಹುಳಿಗೆ ಒಗ್ಗುವುದಿಲ್ಲ. ಅದನ್ನು ಬಾರ್ಬೆಕ್ಯೂ ಸಾಸ್, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಇರುವ ಪಿಜ್ಜಾಕ್ಕೆ ಉಳಿಸಿ.

ಗೊಂದಲವಾದರೆ ಸಣ್ಣ ಲೋಟಗಳ ಸ್ಯಾಂಪ್ಲರ್ ತರಿಸಿ, ಕಹಿ ಕಡಿಮೆಯದರಿಂದ ಶುರು ಮಾಡಿ. ಬಣ್ಣ ನೋಡಿ ಸಾಲು ಹಾಕಬೇಡಿ, ಕಪ್ಪು ಬಿಯರ್‌ಗಿಂತ ಹೊಂಬಣ್ಣದ ಐಪಿಎ ಎಷ್ಟೋ ಸಲ ಹೆಚ್ಚು ಕಹಿ. ಫ್ರೀಜರಿನಲ್ಲಿಟ್ಟ ಮಂಜುಗಟ್ಟಿದ ಲೋಟವೂ ಬೇಡ: ನೊರೆ ಉಕ್ಕುತ್ತದೆ, ಪರಿಮಳ ಸಾಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ, ಶುದ್ಧ ಸಸ್ಯಾಹಾರಿಗಳು. ಇಂಥ ಕೌಂಟರಿನಲ್ಲಿ ಏನೇನು ಕೇಳಬೇಕು? – ನ್ಯೂಜೆರ್ಸಿ

ಉತ್ತರ: ಅಲ್ಲಿ ಹಸಿರು ಚುಕ್ಕೆ ಇಲ್ಲ, ಕೇಳಿಯೇ ತಿಳಿಯಬೇಕು. ಮೊದಲು ಚೀಸ್: ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ಕಿಣ್ವವಾದ ರೆನೆಟ್‌ನಿಂದ. ಪೆಸ್ಟೊ ಸಾಸ್‌ನಲ್ಲೂ ಆ ಚೀಸ್ ಇರಬಹುದು. ಸೀಸರ್ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಮೀನು ಇರುವುದು ವಾಡಿಕೆ. ಆಮೇಲೆ ಕೈಗವಸು ಬದಲಿಸಲು, ಬೇರೆ ಕಟ್ಟರ್ ಬಳಸಲು ಸರದಿ ಶುರುವಾಗುವಾಗಲೇ ಹೇಳಿ; ಮಾಂಸದ ಪೆಪ್ಪರೋನಿ ಹಿಡಿದ ಕೈ ನಿಮ್ಮ ಕ್ಯಾಪ್ಸಿಕಂ ಡಬ್ಬಿಗೆ ಹೋದ ಮೇಲೆ ಹೇಳಿ ಫಲವಿಲ್ಲ. ಬೆಳ್ಳುಳ್ಳಿ ತಿನ್ನದವರು ಕೆಂಪು ಸಾಸ್ ಬಿಟ್ಟು ಆಲಿವ್ ಎಣ್ಣೆ ಸವರಿಸಿಕೊಳ್ಳಿ.

ಬಿಯರ್ ವಿಷಯ: ಪೀಪಾಯಿಯಿಂದಲೇ ಸುರಿದು ಕೊಡುವ ಇಂಗ್ಲಿಷ್ ಶೈಲಿಯ ಕೆಲವು ಕ್ಯಾಸ್ಕ್ ಏಲ್ ಬಿಯರ್‌ಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುತ್ತಾರೆ. ಮಬ್ಬಾಗಿಯೇ ಇರಬೇಕಾದ ಗೋಧಿ ಬಿಯರ್‌ಗೆ ಅದರ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ಊಟದ ಜೊತೆ ಒಂದೇ ಮಗ್ ಕುಡಿದರೆ ಸ್ಕೂಟರ್ ಓಡಿಸಬಹುದಲ್ಲ? – ಹುಬ್ಬಳ್ಳಿ

ಉತ್ತರ: ಬೇಡ. ಅರ್ಧ ಲೀಟರ್ ಮಗ್‌ನಲ್ಲಿ 5 ಶೇಕಡಾ ಬಿಯರ್ ಎಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಖಾಲಿ ಹೊಟ್ಟೆಯ, 70 ಕಿಲೋ ತೂಕದ ಗಂಡಸಿನಲ್ಲಿ ಅದು 100 ಮಿಲಿ ರಕ್ತಕ್ಕೆ 40 ಮಿಲಿಗ್ರಾಂ ಹತ್ತಿರ ಹೋಗುತ್ತದೆ. ಮೋಟಾರು ವಾಹನ ಕಾಯಿದೆಯ 185ನೇ ಕಲಂನ ಮಿತಿ 30. ಹೊಟ್ಟೆ ತುಂಬ ಪಿಜ್ಜಾ ಇದ್ದರೆ ನಿಧಾನವಾಗಿ ಏರೀತು, ಅದನ್ನು ನಂಬಿ ಕೀಲಿ ತಿರುಗಿಸಬೇಡಿ. ಕಾಫಿ ಕುಡಿದರೆ ಇಳಿಯುವುದಿಲ್ಲ.

ಪ್ರಶ್ನೆ: ಉಳಿದ ತುಂಡುಗಳನ್ನು ಮೈಕ್ರೋವೇವ್‌ನಲ್ಲಿಟ್ಟರೆ ತೊಗಲಿನ ಹಾಗಾಗುತ್ತವೆ. – ಶಿವಮೊಗ್ಗ

ಉತ್ತರ: ದೋಸೆ ಕಾವಲಿ ಬಳಸಿ. ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಎರಡು ನಿಮಿಷ ಅಡಿ ಗರಿಯಾಗಲಿ, ಆಮೇಲೆ ಕಾವಲಿಯ ಅಂಚಿಗೆ ಅರ್ಧ ಚಮಚ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿಡಿ. ಆ ಹಬೆಗೆ ಚೀಸ್ ಕರಗುತ್ತದೆ. ನೀರು ಹಿಟ್ಟಿಗೆ ತಾಗದಂತೆ ನೋಡಿಕೊಳ್ಳಿ.